ಬೇಲಿಗೆ ಆನೆಕತ್ತಾಳೆ, ನಾರಿಗೆ ಸಿಸಾಲ್: ಎರಡು ಕತ್ತಾಳೆಗಳನ್ನು ಗುರುತಿಸಿ ಬೆಳೆಸುವ ಬಗೆ

ತುಮಕೂರು, ಚಿತ್ರದುರ್ಗ, ಕೋಲಾರದ ಕಡೆ ಓಡಾಡುವವರಿಗೆ ಕತ್ತಾಳೆಯ ಪರಿಚಯ ಮಾಡಿಕೊಡಬೇಕಿಲ್ಲ. ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಅದು ಇದ್ದೇ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಹೊಂಗೆಯೂ ಬಾಡುತ್ತದೆ, ಕತ್ತಾಳೆ ಮಾತ್ರ ಹಸಿರಾಗಿ ನಿಂತಿರುತ್ತದೆ. ಗೊಬ್ಬರ ಕೇಳದು, ನೀರು ಕೇಳದು, ದನ ಬಾಯಿ ಹಾಕದು.

ಈಗ ಮತ್ತೆ ಕತ್ತಾಳೆಯನ್ನು ವಿಚಾರಿಸುವವರು ಹೆಚ್ಚುತ್ತಿದ್ದಾರೆ. ತಂತಿಬೇಲಿಯ ಖರ್ಚು ತಾಳಲಾರದವರು ಜೀವಂತ ಬೇಲಿ ಹುಡುಕುತ್ತಿದ್ದಾರೆ. ನೀರಿಲ್ಲದ ಗರಸು ನೆಲಕ್ಕೆ ಏನಾದರೂ ಬೆಳೆ ಬೇಕು ಎನ್ನುವವರಿದ್ದಾರೆ. ತಾರಸಿಯ ಮೇಲೆ ಕುಂಡ ಇಡುವ ಪಟ್ಟಣದವರೂ ಇದ್ದಾರೆ. ಇವರೆಲ್ಲ ನೆಡುವ ಮೊದಲು ತಿಳಿಯಬೇಕಾದ ಒಂದು ಮಾತಿದೆ. ನಾವು ಕತ್ತಾಳೆ ಎಂದು ಒಂದೇ ಹೆಸರಲ್ಲಿ ಕರೆಯುವ ಗಿಡಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ದೂರದಿಂದ ಎರಡೂ ಒಂದೇ ರೀತಿ ಕಾಣುತ್ತವೆ, ಕೆಲಸಕ್ಕೆ ಬರುವುದು ಮಾತ್ರ ಬೇರೆ ಬೇರೆ ರೀತಿ. ಅದಲುಬದಲಾದರೆ ಬೇಲಿಗೆಂದು ನೆಟ್ಟದ್ದು ದನ ತಡೆಯುವುದಿಲ್ಲ, ನಾರಿಗೆಂದು ನೆಟ್ಟದ್ದರ ಮುಳ್ಳು ಸವರುವುದರಲ್ಲೇ ಕೂಲಿ ಕರಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಮೂರ್ನಾಲ್ಕು ವರ್ಷ ಕಳೆದಿರುತ್ತದೆ.

ಎರಡೂ ಮೆಕ್ಸಿಕೋದವು

ಮೊದಲನೆಯದು ಅಗೇವ್ ಅಮೆರಿಕಾನಾ, ನಮ್ಮವರ ಆನೆಕತ್ತಾಳೆ. ಎರಡನೆಯದು ಅಗೇವ್ ಸಿಸಲಾನಾ, ಅಂದರೆ ನಾರಿಗೆ ಹೆಸರಾದ ಸಿಸಾಲ್ ಕತ್ತಾಳೆ. ಬಯಲುಸೀಮೆಯಲ್ಲೇ ಹುಟ್ಟಿದಂತೆ ಹೊಂದಿಕೊಂಡಿದ್ದರೂ ಎರಡರ ತವರೂ ಮೆಕ್ಸಿಕೋ. ಆನೆಕತ್ತಾಳೆ ಅಲ್ಲಿಂದ ಅಮೆರಿಕದ ಟೆಕ್ಸಾಸ್‌ವರೆಗಿನ ಒಣಪ್ರದೇಶದ ಗಿಡ. ಸಿಸಾಲ್ ದಕ್ಷಿಣ ಮೆಕ್ಸಿಕೋದಲ್ಲಿ ಹುಟ್ಟಿದ್ದೆಂದು ಸಸ್ಯವಿಜ್ಞಾನಿಗಳ ಅಂದಾಜು. ಯುಕಟಾನ್ ಪ್ರಾಂತ್ಯದ ಸಿಸಾಲ್ ಎಂಬ ಬಂದರಿನಿಂದ ನಾರು ಹಡಗೇರುತ್ತಿದ್ದುದರಿಂದ ಆ ಹೆಸರು. ಆನೆಕತ್ತಾಳೆಗೆ ಶಾಸ್ತ್ರೀಯ ಹೆಸರಿಟ್ಟವನು ಲಿನೇಯಸ್, 1753ರಲ್ಲಿ. ಸಿಸಾಲ್ ಅನ್ನು 1838ರಲ್ಲಿ ವಿವರಿಸಿದವನು ಯುಕಟಾನ್‌ನಲ್ಲಿ ಅಮೆರಿಕದ ಕಾನ್ಸುಲ್ ಆಗಿದ್ದ ಹೆನ್ರಿ ಪೆರೀನ್.

ಈಗಿನ ವರ್ಗೀಕರಣದಲ್ಲಿ ಎರಡೂ ಶತಾವರಿಯ ಕುಟುಂಬಕ್ಕೆ ಸೇರುತ್ತವೆ. ಬರ ತಾಳುವ ಗುಟ್ಟೂ ಎರಡರದು ಒಂದೇ. ಹೆಚ್ಚಿನ ಗಿಡಗಳು ಹಗಲು ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆಯುತ್ತವೆ. ಆಗ ಬಿಸಿಲಿಗೆ ಎಲೆಯ ನೀರೂ ಆವಿಯಾಗಿ ಹೋಗುತ್ತದೆ. ಕತ್ತಾಳೆ ಹಗಲು ರಂಧ್ರ ಮುಚ್ಚಿಕೊಂಡಿದ್ದು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಒಳಗೆ ಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಮರುದಿನದ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಎಲೆಯ ಮೇಲಿನ ಮೇಣದ ಪದರ ತೇವ ಹೊರಹೋಗದಂತೆ ನೋಡಿಕೊಳ್ಳುತ್ತದೆ. ಎಲೆಯ ನಡುವೆ ಕಾಲುವೆ ತೆಗೆದಂತಿರುವ ತಗ್ಗು ಸಣ್ಣ ತುಂತುರನ್ನೂ ಬುಡಕ್ಕೆ ಹರಿಸುತ್ತದೆ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡಿಕೊಂಡು ಆ ನೀರನ್ನು ಹೀರುತ್ತದೆ.

ಎರಡೂ ಬದುಕಿನಲ್ಲಿ ಒಂದೇ ಸಲ ಹೂಬಿಡುವ ಗಿಡಗಳು. ಹೂ ಬಿಟ್ಟ ಬುಡ ಆಮೇಲೆ ಒಣಗುತ್ತದೆ. ಹೋಲಿಕೆ ಇಲ್ಲಿಗೆ ಮುಗಿಯಿತು.

ಎಲೆಯಂಚು ಸವರಿ ನೋಡಿ

ಗಿಡದ ಹತ್ತಿರ ಹೋಗಿ, ಒಂದು ಬಲಿತ ಎಲೆಯ ಅಂಚನ್ನು ಬುಡದಿಂದ ತುದಿಯವರೆಗೆ ನೋಡಿ. ಉದ್ದಕ್ಕೂ ಕಂದುಬಣ್ಣದ ಕೊಕ್ಕೆಮುಳ್ಳುಗಳಿದ್ದರೆ ಅದು ಆನೆಕತ್ತಾಳೆ. ಅಂಚು ನುಣ್ಣಗಿದ್ದು ತುದಿಯಲ್ಲಿ ಮಾತ್ರ ಒಂದು ಮುಳ್ಳಿದ್ದರೆ ಅದು ಸಿಸಾಲ್. ಎರಡನ್ನು ಬೇರ್ಪಡಿಸಲು ಇದಕ್ಕಿಂತ ಸುಲಭದ ಪರೀಕ್ಷೆಯಿಲ್ಲ.

ಆನೆಕತ್ತಾಳೆಯಲ್ಲಿ ಇನ್ನೊಂದು ಗುರುತಿದೆ. ಎಲೆಗಳು ಸುಳಿಯೊಳಗೆ ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡಿರುವಾಗ ಪಕ್ಕದ ಎಲೆಯ ಮುಳ್ಳು ಇದರ ಮೈಗೆ ಒತ್ತುತ್ತದೆ. ಎಲೆ ಬಿಚ್ಚಿಕೊಂಡ ಮೇಲೂ ಆ ಮುಳ್ಳುಗಳ ಅಚ್ಚು ಸಾಲಾಗಿ, ಬೂದಿಬಣ್ಣದ ಮೈಮೇಲೆ ತೆಳುವಾಗಿ ಉಳಿದಿರುತ್ತದೆ. ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಎದ್ದು ಕಾಣುತ್ತದೆ. ಅಂಚಿನಲ್ಲಿ ಮುಳ್ಳಿಲ್ಲದ ಸಿಸಾಲ್ ಎಲೆಯಲ್ಲಿ ಈ ಅಚ್ಚು ಇರಲು ಸಾಧ್ಯವಿಲ್ಲ.

ಗಾತ್ರದಲ್ಲೂ ವ್ಯತ್ಯಾಸವಿದೆ. ಆನೆಕತ್ತಾಳೆಯ ಎಲೆ 4ರಿಂದ 6 ಅಡಿ ಉದ್ದ, 6ರಿಂದ 10 ಅಂಗುಲ ಅಗಲ. ಬಣ್ಣ ನೀಲಿ ಬೆರೆತ ಬೂದಿಹಸಿರು. ಹಳೆಯ ಎಲೆಗಳು ಹೊರಕ್ಕೆ ಬಾಗಿ ಮಡಚಿಕೊಳ್ಳುತ್ತವೆ. ಗಿಡ ನೆಲಕ್ಕೆ ಕಚ್ಚಿಕೊಂಡು 8-10 ಅಡಿ ಅಗಲಕ್ಕೆ ಹರಡಬಲ್ಲದು. ಸಿಸಾಲ್ ಎಲೆ 3ರಿಂದ 5 ಅಡಿ ಉದ್ದ, 4ರಿಂದ 5 ಅಂಗುಲ ಅಗಲ. ಬಾಗದೆ ಸೆಟೆದು ನಿಲ್ಲುತ್ತದೆ. ಕೆಳಗಿನ ಎಲೆ ಕೊಯ್ದಂತೆ ಗಿಡಕ್ಕೆ ಮೊಂಡಾದ ಗಿಡ್ಡ ಕಾಂಡ ಕಾಣಿಸಿಕೊಳ್ಳುತ್ತದೆ.

ಒಂದು ಎಚ್ಚರ: ಎಳೆಯ ಸಿಸಾಲ್ ಸಸಿಯ ಅಂಚಿನಲ್ಲೂ ಕೆಲವೊಮ್ಮೆ ಸಣ್ಣ ಮುಳ್ಳುಗಳಿರುತ್ತವೆ, ಬೆಳೆದಂತೆ ಅವು ಇಲ್ಲವಾಗುತ್ತವೆ. ಗೇಣುದ್ದದ ಸಸಿ ನೋಡಿ ತೀರ್ಮಾನಿಸಬೇಡಿ. ಸಸಿ ತರುವಾಗ ತಾಯಿಗಿಡವನ್ನು ತೋರಿಸಲು ಕೇಳಿ.

ಹೂಕಂಬದಲ್ಲಿ ಬೀಜವೋ, ಮರಿಯೋ?

ಆನೆಕತ್ತಾಳೆಗೆ ನೂರು ವರ್ಷಕ್ಕೊಮ್ಮೆ ಹೂಬಿಡುವ ಗಿಡ ಎಂಬ ಖ್ಯಾತಿ ಲೋಕದಲ್ಲೆಲ್ಲ ಇದೆ. ಅದು ಉತ್ಪ್ರೇಕ್ಷೆ. ಬೆಚ್ಚಗಿನ ನಾಡುಗಳಲ್ಲಿ 10-15 ವರ್ಷಕ್ಕೆ, ಚಳಿನಾಡಿನಲ್ಲಿ 30 ವರ್ಷಕ್ಕೆ ಹೂಕಂಬ ಏಳುತ್ತದೆ. ಎದ್ದರೆ 20ರಿಂದ 30 ಅಡಿ. ಅಡ್ಡಕೊಂಬೆಗಳ ಮೇಲೆ ಹಳದಿ ಹೂಗೊಂಚಲು, ಆಮೇಲೆ ಕಾಯಿ, ಕಾಯೊಳಗೆ ಚಪ್ಪಟೆಯಾದ ಕಪ್ಪು ಬೀಜ. ಅಷ್ಟರಲ್ಲಿ ಬುಡದ ಸುತ್ತ ಬಾಳೆಗೆ ಬಂದ ಹಾಗೆ ಕಂದುಗಳು ಎದ್ದಿರುತ್ತವೆ. ತಾಯಿಗಿಡ ಒಣಗಿದರೂ ಜಾಗ ತೆರವಾಗುವುದಿಲ್ಲ.

ಸಿಸಾಲ್ 7ರಿಂದ 10 ವರ್ಷಕ್ಕೇ ಹೂವಿಗೆ ಬರುತ್ತದೆ. ಕಂಬ 15-20 ಅಡಿ. ಹಸಿರು ಮಿಶ್ರಿತ ಹಳದಿ ಹೂಗಳು ಉದುರುತ್ತವೆ, ಕಾಯಿ ಕಟ್ಟುವುದು ಅಪರೂಪ. ಇದು ವರ್ಣತಂತುಗಳ ಐದು ಗಣಗಳಿರುವ, ಹೆಚ್ಚುಕಡಿಮೆ ಬಂಜೆಯಾದ ಮಿಶ್ರತಳಿ. ಬೀಜದ ಬದಲು ಹೂ ಉದುರಿದ ಜಾಗದ ಮೊಗ್ಗುಗಳಿಂದ ಪುಟ್ಟ ಪುಟ್ಟ ಮರಿಸಸಿಗಳು ಹುಟ್ಟುತ್ತವೆ. ಕೊಂಬೆಯ ಮೇಲೆ ಕುಳಿತೇ ಎರಡು-ಮೂರು ಅಂಗುಲ ಬೆಳೆದು, ಐದಾರು ಎಲೆ ಬಿಟ್ಟು, ಬುಡದಲ್ಲಿ ಬೇರಿನ ಗುರುತು ಮೂಡಿಸಿಕೊಂಡು, ಗಾಳಿ ಬೀಸಿದಾಗ ನೆಲಕ್ಕುದುರುತ್ತವೆ. ಒಂದೇ ಕಂಬದಲ್ಲಿ ಇಂಥ ಮರಿಗಳು ಸಾವಿರಕ್ಕೂ ಮಿಗಿಲು. ಪ್ರತಿಯೊಂದೂ ತಾಯಿಯ ಪಡಿಯಚ್ಚು.

ಈ ಮರಿಗಳ ಗಟ್ಟಿತನದಿಂದ ಒಂದು ದೇಶದ ಕೃಷಿಯೇ ಬದಲಾಗಿದೆ. ಯುಕಟಾನ್‌ನವರು ಗಿಡವನ್ನು ಹೊರಗೆ ಬಿಡುತ್ತಿರಲಿಲ್ಲ. 1893ರಲ್ಲಿ ರಿಚರ್ಡ್ ಹಿಂಡಾರ್ಫ್ ಎಂಬ ಜರ್ಮನ್ ಕೃಷಿತಜ್ಞ ಫ್ಲಾರಿಡಾದಿಂದ 1000 ಮರಿಗಳನ್ನು ಪೂರ್ವ ಆಫ್ರಿಕಾಕ್ಕೆ ತರಿಸಿದ. ದೀರ್ಘ ಹಡಗುಪ್ರಯಾಣದ ಕೊನೆಗೆ ಜೀವ ಉಳಿದದ್ದು 62. ಇಂದಿನ ತಾಂಜಾನಿಯಾದ ಟಾಂಗಾ ಸುತ್ತಮುತ್ತ ಹಬ್ಬಿದ ಸಿಸಾಲ್ ತೋಟಗಳಿಗೆ ಅವೇ ಮೂಲ. ಈಗ ಬ್ರೆಜಿಲ್, ತಾಂಜಾನಿಯಾ, ಕೀನ್ಯಾಗಳು ಈ ನಾರಿನ ಮುಖ್ಯ ಉತ್ಪಾದಕರು.

ಬೇಲಿಗೆ ನೆಡುವುದಾದರೆ

ದನ, ಎಮ್ಮೆ, ದಾರಿಹೋಕರನ್ನು ತಡೆಯುವುದೇ ಉದ್ದೇಶವಾದರೆ ಆನೆಕತ್ತಾಳೆಯೇ ಸರಿ. ತುದಿಮುಳ್ಳಿನ ಜೊತೆಗೆ ಅಂಚಿನ ಕೊಕ್ಕೆಮುಳ್ಳು ಇರುವುದರಿಂದ ನುಸುಳಿದರೂ ಹಿಂದೆ ಸರಿಯುವಾಗ ಕಚ್ಚಿಕೊಳ್ಳುತ್ತದೆ. ಮುಂಗಾರು ಆರಂಭದಲ್ಲಿ, ಆರಿದ್ರಾ ಮಳೆಗೆ ನೆಲ ಹದವಾದಾಗ ನೆಡಿ. ಒಂದು ಅಡಿ ಎತ್ತರದ ಕಂದು ಕಿತ್ತು, ಕೊಳೆತ ಬೇರು ಸವರಿ, ನೆರಳಿನಲ್ಲಿ ನಾಲ್ಕೈದು ದಿನ ಹರಡಿ ಗಾಯ ಒಣಗಲು ಬಿಡಿ. ಸಾಲಿನುದ್ದಕ್ಕೂ ಮಣ್ಣು ಏರಿಸಿ, ಏರಿನ ಮೇಲೆ 4 ಅಡಿಗೊಂದರಂತೆ ಕೂರಿಸಿ. ಸುಳಿಯೊಳಗೆ ಮಣ್ಣು ಬೀಳಬಾರದು, ಬೇರು ಮುಚ್ಚುವಷ್ಟು ಆಳ ಸಾಕು.

ನೆಟ್ಟ ವರ್ಷವೇ ಬೇಲಿಯಾಗುತ್ತದೆ ಎಂದು ನಂಬಬೇಡಿ. ಎಲೆಗೆ ಎಲೆ ತಾಗಿ ಸಂದು ಮುಚ್ಚಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಮುಳ್ಳುಕಂಟಿಯ ಆಸರೆ ಕೊಡಿ. ಬುಡದ ಸಂದಿಯಲ್ಲಿ ನುಗ್ಗುವ ಹಂದಿಗೆ ಇದೊಂದೇ ತಡೆಯಾಗದು. ಒಂದೇ ವಯಸ್ಸಿನ ಕಂದುಗಳನ್ನು ಸಾಲಾಗಿ ನೆಟ್ಟರೆ ಮುಂದೆ ಹೆಚ್ಚುಕಡಿಮೆ ಒಟ್ಟಿಗೇ ಹೂವಿಗೆ ಬಂದು ಒಟ್ಟಿಗೇ ಒಣಗುತ್ತವೆ. ಆದ್ದರಿಂದ ಪ್ರತಿ ಮುಂಗಾರಿನಲ್ಲೂ ತೆರಪಿರುವ ಕಡೆ ಹೊಸ ಕಂದು ನೆಡುತ್ತ ಬನ್ನಿ.

ಸಣ್ಣ ಹಿಡುವಳಿದಾರರು ನೆಡುವ ಮೊದಲು ಒಂದು ಲೆಕ್ಕ ಹಾಕಲೇಬೇಕು. ಚೌಕಾಕಾರದ ಒಂದು ಎಕರೆಗೆ ನಾಲ್ಕು ಮಗ್ಗುಲೂ ಸೇರಿ ಸುಮಾರು 835 ಅಡಿ ಬೇಲಿ. ನಾಲ್ಕು ಅಡಿಗೊಂದರಂತೆ ಹತ್ತಿರಹತ್ತಿರ 210 ಗಿಡ. ಬೆಳೆದ ಆನೆಕತ್ತಾಳೆ ಹೊಲದೊಳಗೆ 8 ಅಡಿ ಪಟ್ಟೆ ಆಕ್ರಮಿಸಿದರೆ ಸುಮಾರು 6 ಗುಂಟೆ ನೆಲ ಬೇಲಿಗೇ ಹೋಗುತ್ತದೆ. ಎಕರೆಗೆ 40 ಗುಂಟೆಯಲ್ಲಿ 6 ಗುಂಟೆ ಸಣ್ಣ ಮಾತಲ್ಲ. ಸಿಸಾಲ್ ಅನ್ನು ಕೆಳಗಿನ ಎಲೆ ಕೊಯ್ಯುತ್ತ 5 ಅಡಿ ಪಟ್ಟೆಯಲ್ಲಿ ಹಿಡಿದಿಟ್ಟರೆ 4 ಗುಂಟೆಗೂ ಕಡಿಮೆ ಸಾಕು. ಎರಡು-ಮೂರು ಎಕರೆಯೊಳಗಿನವರು ದನ ಹಾಯುವ ಒಂದು ಮಗ್ಗುಲಿಗೆ ಮಾತ್ರ ಆನೆಕತ್ತಾಳೆ ಹಾಕಿ, ಉಳಿದ ಬದುಗಳಿಗೆ ಎರಡು ಸಾಲು ಸಿಸಾಲ್ ಅನ್ನು ಎದುರುಬದುರಾಗದಂತೆ ಓರೆಯಾಗಿ ನೆಡುವುದು ಲೇಸು. ಇಳಿಜಾರು ನೆಲದಲ್ಲಿ ಸಮಪಾತಳಿ ಬದುವಿನ ಮೇಲೆ ನೆಟ್ಟರೆ ಕೊಚ್ಚಿಹೋಗುವ ಮಣ್ಣೂ ನಿಲ್ಲುತ್ತದೆ.

ನಾರಿಗೆ ಬೆಳೆಯುವುದಾದರೆ

ನಾರಿನ ವಿಷಯಕ್ಕೆ ಬಂದರೆ ಸಿಸಾಲ್‌ಗೆ ಎದುರಿಲ್ಲ. ಆನೆಕತ್ತಾಳೆಯಲ್ಲೂ ನಾರಿದೆ, ಹಿಂದೆ ಹಗ್ಗ ಹೊಸೆದದ್ದೂ ಉಂಟು. ಆದರೆ ಎಲೆ ಭಾರ, ಬಾಗಿದ್ದು, ಎರಡೂ ಅಂಚಿನ ಮುಳ್ಳು ಸವರಿಯೇ ಕೈಹಾಕಬೇಕು. ಸಿಸಾಲ್ ಎಲೆ ನೇರವಾಗಿದ್ದು ತುದಿಮುಳ್ಳು ಕತ್ತರಿಸಿದರೆ ಯಂತ್ರಕ್ಕೆ ಕೊಡಬಹುದು.

ಮರಿಸಸಿಗಳನ್ನು ನೇರವಾಗಿ ಹೊಲಕ್ಕೆ ಹಾಕದೆ ಒಂದು ವರ್ಷದಷ್ಟು ಕಾಲ ಮಡಿಯಲ್ಲಿ ಬೆಳೆಸಿ, ಮುಕ್ಕಾಲು ಅಡಿಗಿಂತ ಎತ್ತರವಾದವನ್ನು ಮಾತ್ರ ಆರಿಸಿ. ತೋಟವಾಗಿ ಬೆಳೆಯಲು ಜೋಡಿಸಾಲು ಪದ್ಧತಿ ಒಳ್ಳೆಯದು: ಒಂದು ಮೀಟರ್ ಅಂತರದಲ್ಲಿ ಎರಡು ಸಾಲು, ಆಮೇಲೆ 4 ಮೀಟರ್ ಖಾಲಿ, ಸಾಲಿನೊಳಗೆ ಗಿಡದಿಂದ ಗಿಡಕ್ಕೆ ಒಂದು ಮೀಟರ್. ಎಕರೆಗೆ ಸುಮಾರು 1600 ಗಿಡ ಹಿಡಿಯುತ್ತವೆ. ಖಾಲಿ ಜಾಗದಲ್ಲಿ ಮೊದಲ ಎರಡು-ಮೂರು ವರ್ಷ ಹುರುಳಿ, ಅಲಸಂದೆ ಬಿತ್ತಬಹುದು.

ನೀರು ಬಸಿಯುವ ಕೆಂಪು ಗರಸು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ನೀರು ಕಟ್ಟುವ ಎರೆ ನೆಲಕ್ಕೆ ಹಾಕಬೇಡಿ. ಬರ ತಾಳುವ ಈ ಗಿಡ ನಿಂತ ನೀರನ್ನು ತಾಳುವುದಿಲ್ಲ. ಅಂಥ ಕಡೆ ಎಲೆಯ ಮೇಲೆ ಪಟ್ಟೆಪಟ್ಟೆಯಾಗಿ ಕಲೆ ಮೂಡುವ ಜೀಬ್ರಾ ರೋಗ ಬಂದು, ಬುಡ ಕೊಳೆತು, ಸಾಲುಸಾಲೇ ಬೀಳುತ್ತದೆ. ರೋಗ ಬಂದ ಎಲೆಗಳನ್ನು ಕಿತ್ತು ಸುಡಿ, ಬಸಿಗಾಲುವೆ ತೆಗೆಯಿರಿ.

ಮೂರನೆಯ ವರ್ಷದ ಹೊತ್ತಿಗೆ ಮೊದಲ ಕೊಯ್ಲು. ಕೆಳಗಿನ ಸುತ್ತಿನ ಎಲೆಗಳನ್ನಷ್ಟೇ ಕಾಂಡಕ್ಕೆ ತಾಗದಂತೆ ಕೊಯ್ದು, ಮೇಲಿನ 20 ಎಲೆಗಳನ್ನಾದರೂ ಗಿಡಕ್ಕೆ ಬಿಡಬೇಕು. ಆಸೆಬಿದ್ದು ಪೂರ್ತಿ ಬೋಳಿಸಿದರೆ ಮುಂದಿನ ಎಲೆಗಳು ಗಿಡ್ಡವಾಗುತ್ತವೆ. ಒಂದು ಗಿಡ ತನ್ನ ಆಯುಸ್ಸಿನಲ್ಲಿ 200ರಿಂದ 250 ಎಲೆ ಕೊಡುತ್ತದೆ. ಹಸಿ ಎಲೆಯ ತೂಕದಲ್ಲಿ ನಾರಿನ ಪಾಲು ಸುಮಾರು ಶೇಕಡಾ 4 ಮಾತ್ರ. ಅರ್ಧದಿಂದ ಮುಕ್ಕಾಲು ಕಿಲೋ ತೂಗುವ ಎಲೆಯಲ್ಲಿ ಸಿಗುವುದು 20-30 ಗ್ರಾಂ. ಒಂದು ಕ್ವಿಂಟಲ್ ನಾರಿಗೆ 25 ಕ್ವಿಂಟಲ್ ಎಲೆ ಹೊರಬೇಕು. ನಾರು ಬಿಡಿಸುವ ಯಂತ್ರ ಹೊಲದ ಹತ್ತಿರವೇ ಇರಬೇಕು ಎನ್ನುವುದು ಇದಕ್ಕೇ. ಎಲೆ ಒಣಗಿದರೆ ನಾರಿಗೆ ತಿರುಳು ಅಂಟಿಕೊಳ್ಳುತ್ತದೆ, ಕೊಯ್ದ ದಿನವೇ ಬಿಡಿಸಿ, ತೊಳೆದು, ಬಿಸಿಲಿಗೆ ಹಾಕುವುದು ಕ್ರಮ.

ಎಲೆಗಳನ್ನು ಕೆರೆಯಲ್ಲಿ ಕೊಳೆಹಾಕಿ ನಾರು ತೆಗೆಯುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಕತ್ತಾಳೆ ರಸದಲ್ಲಿರುವ ಸಪೋನಿನ್ ಮೀನಿಗೆ ವಿಷ. ಕೊಳೆತ ನೀರು ದನಕ್ಕೂ ಆಗದು, ಜನಕ್ಕೂ ಆಗದು. ಉಳಿದ ತಿರುಳನ್ನು ಗೊಬ್ಬರದ ಗುಂಡಿಗೆ ಹಾಕಿ ಕೊಳೆಸಬಹುದು. ತಾಂಜಾನಿಯಾದಲ್ಲಿ ಇದರಿಂದ ಜೈವಿಕ ಅನಿಲ ತಯಾರಿಸಿದ್ದಾರೆ.

ಮಾರುಕಟ್ಟೆಯ ವಿಷಯದಲ್ಲಿ ಬಿಚ್ಚಿ ಹೇಳಬೇಕು. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಕಣ್ಣಿ, ಮಿಣಿ, ಹಗ್ಗದ ವ್ಯಾಪಾರ ಕುಗ್ಗಿತು. ಲೋಹಕ್ಕೆ ಹೊಳಪು ಕೊಡುವ ಚಕ್ರ, ನೆಲಹಾಸು, ವಿಶೇಷ ಬಗೆಯ ಕಾಗದ, ಡಾರ್ಟ್ ಹಲಗೆ, ಕರಕುಶಲ ವಸ್ತುಗಳಿಗೆ ನಾರು ಬೇಕೇ ಇದೆ. ಆದರೆ ಕೊಳ್ಳುವವರು ಊರೂರಲ್ಲಿಲ್ಲ. ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ನಾಲ್ಕಾರು ರೈತರು ಸೇರಿ ಯಂತ್ರದ ವ್ಯವಸ್ಥೆ ಮಾಡಿಕೊಂಡು ಆಮೇಲೆ ನೆಡಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಸಿಸಾಲ್ ಸಂಶೋಧನಾ ಕೇಂದ್ರ ಒಡಿಶಾದ ಬಾಮ್ರಾದಲ್ಲಿದೆ. ಬೇಸಾಯ ಕ್ರಮದ ಬಗ್ಗೆ ಅಲ್ಲಿ ಕೇಳುವುದು ಒಳ್ಳೆಯದು.

ಕುಂಡದಲ್ಲಿ, ಅಂಗಳದಲ್ಲಿ

ನರ್ಸರಿಗಳಲ್ಲಿ ಹಳದಿ ಅಂಚಿನ ಕತ್ತಾಳೆ ಎಂದು ಮಾರುವುದು ಹೆಚ್ಚಾಗಿ ಆನೆಕತ್ತಾಳೆಯದೇ ಒಂದು ಬಗೆ. ಕುಂಡದಲ್ಲಿದ್ದರೆ ಅದು ಕುಳ್ಳಾಗಿಯೇ ಉಳಿಯುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಸಣ್ಣ ಜಲ್ಲಿ ಬೆರೆಸಿ. ತಳದಲ್ಲಿ ತೂತು ಇರಲೇಬೇಕು. ಬೇಸಿಗೆಯಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ನೀರು, ಮಳೆಗಾಲದಲ್ಲಿ ನೀರೇ ಬೇಡ. ದಿನದ ಅರ್ಧ ಹೊತ್ತಾದರೂ ಬಿಸಿಲು ಬೀಳುವ ಜಾಗ ಕೊಡಿ. ಸಿಸಾಲ್ ಕುಂಡಕ್ಕೆ ಅಷ್ಟು ಒಪ್ಪುವುದಿಲ್ಲ. ಹಿಮ ಬೀಳುವ ಊರುಗಳಲ್ಲಿ ನೆಲೆಸಿರುವ ಕನ್ನಡಿಗರೂ ಆನೆಕತ್ತಾಳೆಯನ್ನೇ ಆರಿಸಿಕೊಳ್ಳಲಿ. ಮಣ್ಣು ಒಣಗಿದ್ದರೆ ಅದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಸಿಸಾಲ್ ಉಷ್ಣವಲಯದ ಗಿಡ, ಹಿಮಕ್ಕೆ ಸುಟ್ಟುಹೋಗುತ್ತದೆ.

ಮಕ್ಕಳು ಆಡುವ ಕಡೆ, ಬಾಗಿಲ ಹತ್ತಿರ, ಓಣಿಯ ಅಂಚಿನಲ್ಲಿ ಯಾವ ಕತ್ತಾಳೆಯೂ ಬೇಡ. ಎಲೆಯ ತುದಿ ಇರುವುದು ಮಗುವಿನ ಕಣ್ಣಿನ ಎತ್ತರದಲ್ಲಿ. ಈಗಾಗಲೇ ಇದ್ದರೆ ತುದಿಮುಳ್ಳನ್ನಷ್ಟೇ ಕತ್ತರಿಸಿ, ಗಿಡಕ್ಕೇನೂ ಆಗುವುದಿಲ್ಲ.

ಮೂರು ಎಚ್ಚರಿಕೆ

ಮೊದಲನೆಯದು ರಸದ್ದು. ಎರಡೂ ಜಾತಿಯ ರಸದಲ್ಲಿ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಚರ್ಮಕ್ಕೆ ತಾಗಿದರೆ ಉರಿ, ಕೆಂಪು, ಗುಳ್ಳೆ. ಕಡಿಯುವಾಗ ತುಂಬುತೋಳಿನ ಅಂಗಿ, ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ರಸ ಸಿಡಿಸುವ ಯಂತ್ರಗರಗಸಕ್ಕಿಂತ ಕೈಮಚ್ಚು ವಾಸಿ. ಕಣ್ಣಿಗೆ ಹಾರಿದರೆ ನೀರಿನಿಂದ ಚೆನ್ನಾಗಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಿ.

ಎರಡನೆಯದು ಲೋಳೆಸರದ ಗೊಂದಲ. ಮುಖಕ್ಕೆ, ಕೂದಲಿಗೆ ಹಚ್ಚುವ ಲೋಳೆಸರ ಬೇರೆಯೇ ಕುಟುಂಬದ ಗಿಡ. ಅದರ ಎಲೆ ಮೆತ್ತಗಿದ್ದು ಸುಲಭವಾಗಿ ಮುರಿಯುತ್ತದೆ, ಒಳಗೆ ತಿಳಿಯಾದ ಲೋಳೆ ಇರುತ್ತದೆ. ಕತ್ತಾಳೆಯ ಎಲೆ ಮುರಿಯಹೋದರೆ ನಾರು ಜಗ್ಗುತ್ತದೆ. ನಾರು ಬಂದರೆ ಅದನ್ನು ಮೈಗೆ ಹಚ್ಚಬೇಡಿ, ಬಾಯಿಗಂತೂ ಹಾಕಲೇಬೇಡಿ.

ಮೂರನೆಯದು ಹರಡುವಿಕೆಯದು. ದಕ್ಷಿಣ ಆಫ್ರಿಕಾ ಸೇರಿದಂತೆ ಹಲವು ಕಡೆ ಈ ಎರಡೂ ಗಿಡಗಳು ಸ್ಥಳೀಯ ಸಸ್ಯಗಳ ಜಾಗ ಕಬಳಿಸುವ ಕಳೆಗಳಾಗಿವೆ. ಹುಲ್ಲುಗಾವಲು, ಕುರುಚಲು ಕಾಡು, ಹಳ್ಳದ ದಂಡೆಗಳ ಹತ್ತಿರ ಇವನ್ನು ನೆಡಬೇಡಿ. ಸಿಸಾಲ್ ಹೂಕಂಬವನ್ನು ಮರಿ ಉದುರುವ ಮೊದಲೇ ಕಡಿದು, ನಿಮಗೆ ಬೇಕಾದಷ್ಟು ಮರಿ ಇಟ್ಟುಕೊಂಡು ಉಳಿದದ್ದನ್ನು ಸುಡಿ. ಆನೆಕತ್ತಾಳೆಯ ಕಂದು ಬೇಲಿಸಾಲು ದಾಟಿದ ಕೂಡಲೇ ಕೀಳಿ. ಬಲಿತ ಮೇಲೆ ಕೀಳುವುದು ಕಷ್ಟ.

ಒಂದೇ ನೋಟದಲ್ಲಿ

- ಎಲೆಯಂಚು: ಆನೆಕತ್ತಾಳೆಗೆ ಕೊಕ್ಕೆಮುಳ್ಳು, ಸಿಸಾಲ್‌ಗೆ ನುಣುಪು.
- ಎಲೆಯ ನಿಲುವು: ಆನೆಕತ್ತಾಳೆಯದು ಅಗಲ, ಬಾಗುತ್ತದೆ, ಸಿಸಾಲ್‌ನದು ಕಿರಿದು, ನೆಟ್ಟಗೆ.
- ಹೂವಿಗೆ ಬರುವ ವಯಸ್ಸು: ಆನೆಕತ್ತಾಳೆ 10-30 ವರ್ಷ, ಸಿಸಾಲ್ 7-10 ವರ್ಷ.
- ಸಂತಾನ: ಆನೆಕತ್ತಾಳೆಗೆ ಕಂದು ಮತ್ತು ಬೀಜ, ಸಿಸಾಲ್‌ಗೆ ಕಂದು ಮತ್ತು ಹೂಕಂಬದ ಮರಿ.
- ಚಳಿ: ಆನೆಕತ್ತಾಳೆ ಹಿಮ ತಾಳುತ್ತದೆ, ಸಿಸಾಲ್ ತಾಳದು.
- ಮುಖ್ಯ ಉಪಯೋಗ: ಆನೆಕತ್ತಾಳೆ ಬೇಲಿಗೆ, ಅಲಂಕಾರಕ್ಕೆ, ಸಿಸಾಲ್ ನಾರಿಗೆ, ಬದುವಿಗೆ.

ದನದ ಕಾಟ ಹೆಚ್ಚಿದ್ದು, ನೆಲ ಸಾಕಷ್ಟಿದ್ದರೆ ಆನೆಕತ್ತಾಳೆ ನೆಡಿ. ನೆಲ ಕಡಿಮೆಯಿದ್ದು, ಬದುವಿನಿಂದಲೂ ನಾಲ್ಕು ಕಾಸು ಬರಲಿ ಎನ್ನುವುದಾದರೆ, ನಾರು ಕೊಳ್ಳುವವರು ಸಿಕ್ಕಿದ ಮೇಲೆ ಸಿಸಾಲ್ ನೆಡಿ. ಒಮ್ಮೆ ಬೇರೂರಿದರೆ ಎರಡೂ ಹತ್ತಾರು ವರ್ಷ ಅಲ್ಲೇ ಇರುವ ಗಿಡಗಳು. ಆದ್ದರಿಂದ ಸಸಿಗೆ ಹಣ ಕೊಡುವ ಮೊದಲು ತಾಯಿಗಿಡದ ಎಲೆಯಂಚನ್ನು ಒಮ್ಮೆ ನೋಡಿಕೊಳ್ಳಿ.